ಮೊಲಗಳಿಗೆ ಎರೆದ ರವಿವಾರ

ಮೊಲ ಬಹಳ ಸ್ವಚ್ಛವಾದ ಪ್ರಾಣಿ ಎಂದು ಮೊದಲು ಹೇಳಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಅವರನ್ನು ಒಂದೇ ಒಂದು ವಾರ ಜಲನಗರದ ನಮ್ಮ ಹಿತ್ತಲಿಗೆ ಕರೆತಂದು ಕೈಗೆ ಕಸಬರಿಗೆ ಕೊಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ. ಮೊಲ ಸ್ವಚ್ಛ, ಒಪ್ಪಿದೆ. ದಿನವಿಡೀ ಮುಖ ಒರೆಸಿಕೊಳ್ಳುತ್ತದೆ, ಕಿವಿ ತಿಕ್ಕಿಕೊಳ್ಳುತ್ತದೆ. ಆದರೆ ಅದೆಲ್ಲ ತನ್ನ ಮೈಗೆ ಮಾತ್ರ. ಕೆಳಗಿನ ನೆಲ ಯಾರು ತೊಳೆಯಬೇಕು? ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಶಾಲೆಗೆ ಪಾಠ ಮಾಡಲು ಓಡಬೇಕಾದ ನಾನು.

ತಂದವರು ನನ್ನ ಗಂಡ. ಆಫೀಸಿನ ಕೆಲಸಕ್ಕೆಂದು ತಿಕೋಟಾ ಕಡೆ ಹೋದವರು, ದ್ರಾಕ್ಷಿ ತೋಟದವರೊಬ್ಬರು ಪ್ರೀತಿಯಿಂದ ಕೊಟ್ಟರೆಂದು ರಟ್ಟಿನ ಡಬ್ಬಿಯಲ್ಲಿ ಎರಡು ಮರಿ ಹಿಡಿದು ಬಂದರು. "ಎರಡೂ ಹೆಣ್ಣಂತ, ಚಿಂತಿ ಮಾಡಬ್ಯಾಡ" ಎಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಹಿತ್ತಲ ತುಂಬ ಮೊಲ. "ಎರಡೂ ಹೆಣ್ಣು ಅಂದಿದ್ರೆಲ್ರಿ?" ಎಂದು ಕೇಳಿದರೆ, "ಅಂವ ಹಂಗ ಅಂದಿದ್ದ ನೋಡು" ಎಂದು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅವತ್ತು ಹಿಡಿದ ಪೇಪರನ್ನು ಮೊಲದ ಮಾತು ಬಂದಾಗಲೆಲ್ಲ ಹಿಡಿಯುತ್ತಲೇ ಬಂದಿದ್ದಾರೆ.

ಆಗಲೇ ಎಲ್ಲವನ್ನೂ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅಡ್ಡ ಬಂದವರು ಅತ್ತೆ. ಆ ವರ್ಷವೇ ಮೊಣಕಾಲಿನ ಔಷಧಕ್ಕೆಂದು ಕಳ್ಳಕವಟಗಿಯಿಂದ ನಮ್ಮಲ್ಲಿಗೆ ಬಂದಿದ್ದರು. ಹುಟ್ಟಿದಾಗಿನಿಂದ ಎಮ್ಮೆ, ಆಡು, ಕೋಳಿಗಳ ನಡುವೆ ಓಡಾಡಿದ ಹೆಂಗಸು. ಇಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಟಿವಿ ಅವರಿಗೆ ಸೇರದು, ಓಣಿಯಲ್ಲಿ ಕಟ್ಟೆಯಿಲ್ಲ, ಮಾತಿಗೆ ಜನವಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಅರ್ಧ ರೊಟ್ಟಿ ತಿಂದರೆ ಅದೇ ಹೆಚ್ಚು. ಮೊಲಗಳು ಬಂದ ಮೇಲೆ ಎದ್ದು ಕೂತರು. ಮೆಂತ್ಯದ ದಂಟು, ಮೂಲಂಗಿ ಎಲೆ ಎಂದು ಸೊಪ್ಪಿನವಳ ಹತ್ತಿರ ಜಗಳಾಡಿದರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಇವು ಹೋದರೆ ಅತ್ತೆ ಮತ್ತೆ ಗೋಡೆಯ ಕಡೆ ತಿರುಗುತ್ತಾರೆಂದು ನನಗೂ ಗೊತ್ತಿತ್ತು, ಅವರ ಮಗನಿಗೂ ಗೊತ್ತಿತ್ತು. ಆದ್ದರಿಂದ ಮೊಲ ಇರಲಿ, ನಾರಬಾರದು ಅಷ್ಟೇ ಎಂದು ನಾನು ಹಟ ತೊಟ್ಟೆ.

ನಾರದೆ ಇರುತ್ತದೆಯೇ! ಮೊಲದ ಮನೆಯೆಂದರೆ ಸುತ್ತ ತಂತಿ ಜಾಳಿಗೆ, ಮೇಲೆ ತಗಡು, ಕೆಳಗೆ ಅಪ್ಪಟ ಎರೆಮಣ್ಣು. ಹಿಕ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಒಣ ಕಾಳಿನ ಹಾಗೆ ಇರುತ್ತದೆ, ಗುಡಿಸಿದರೆ ಹೋಯಿತು. ಉಚ್ಚೆ ಹಾಗಲ್ಲ. ಎರೆಮಣ್ಣಿಗೆ ಅದು ಇಳಿದು, ಅದರ ಮೇಲೆ ನನ್ನ ಕೊಡದ ನೀರು ಬಿದ್ದರೆ, ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತಿತ್ತು. ನಳ ಯಾವಾಗ ಬರುತ್ತದೋ ಎಂದು ಬಾಯಿ ಬಿಟ್ಟುಕೊಂಡು ಕಾಯುವ ಊರಲ್ಲಿ ತುಂಬಿಟ್ಟ ನೀರನ್ನೆಲ್ಲ ಮೊಲದ ಉಚ್ಚೆಗೆ ಸುರಿದೆ. ಫಿನಾಯಿಲ್ ಹಾಕಿ ಬೇಲಿಯ ಬುಡವನ್ನೂ ಬಿಡದೆ ತಿಕ್ಕಿದೆ. ತಿಕ್ಕಿ ಈಚೆ ಬರುವಷ್ಟರಲ್ಲಿ ಅಷ್ಟೂ ಮೊಲಗಳು ಓಡಿ ಬಂದು ತೊಳೆದ ಜಾಗದಲ್ಲೇ ಮತ್ತೆ ಮಾಡುತ್ತಿದ್ದವು, ನನ್ನ ಮುಖವನ್ನೇ ನೋಡುತ್ತ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ನಾನು ಶಾಲೆಗೆ ಹೋದ ಮೇಲೆ ಅತ್ತೆಯ ಪಾಳಿ. ಸಂಜೆ ಬಂದು ನೋಡಿದರೆ ಎಲ್ಲಿಂದಲೋ ಸಗಣಿ ತರಿಸಿ, ಮೊಲದ ಮನೆಯನ್ನು ನಡುಮನೆಯ ಹಾಗೆ ಸಾರಿಸಿ, ಬಾಗಿಲಲ್ಲಿ ಒಂದು ಎಳೆ ರಂಗೋಲಿ ಬೇರೆ. ಮೇಲೆ ಲೋಬಾನದ ಹೊಗೆ. ಫಿನಾಯಿಲ್, ಸಗಣಿ, ಲೋಬಾನ, ಉಚ್ಚೆ ಎಲ್ಲ ಕೂಡಿ ಎಬ್ಬಿಸಿದ ಆ ವಾಸನೆಗೆ ನನ್ನ ತಲೆ ಸಿಡಿಯುತ್ತಿತ್ತು.

"ಅತ್ತಿ, ಹೆಂಡಿ ಬಳೀಬ್ಯಾಡ್ರಿ ಅಂತ ಎಷ್ಟ ಸಲ ಹೇಳಲಿ?"

"ನಿನ್ನ ಫಿನಾಯಿಲಿಗೆ ಅವು ಸೀನತಾವ ಬೇ. ಹೆಂಡಿ ಬಳದ ನೆಲ ತಂಪ ಇರತೈತಿ."

"ನಾರತೈತ್ರಿ!"

"ಜೀವ ಇದ್ದಲ್ಲಿ ವಾಸನಿ ಇರತೈತವ್ವಾ. ವಾಸನಿ ಇಲ್ಲದ್ದು ಕೀಲಿ ಹಾಕಿದ ಮನಿ."

ನಮ್ಮತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಬೆಳಿಗ್ಗೆ ತೊಳೆಯುವುದು, ಅವರು ಮಧ್ಯಾಹ್ನ ಬಳಿಯುವುದು, ಮೊಲಗಳು ಸಂಜೆಗೆ ಇಬ್ಬರ ಕೆಲಸವನ್ನೂ ಅಗೆದು ಮಣ್ಣು ಮಾಡುವುದು. ಹೀಗೇ ನಡೆಯಿತು.

ಬೇಸಿಗೆಯಲ್ಲಿ ಒಂದು ದಿನ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ನಗುನಗುತ್ತಲೇ, "ಟೀಚರ್ರ, ನಿಮ್ಮ ಕಡಿಂದ ಗಾಳಿ ಬೀಸಿದ್ರ ನಾವು ಕಿಡಕಿ ಹಾಕೋಬೇಕಾಗೈತ್ರಿ" ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಬಂದು ಗಂಡನ ಮೇಲೆ ಹರಿಹಾಯ್ದೆ. "ಹಿತ್ತಲ ನಾರತೈತಿ, ಹಾಸಿಗಿ ನಾರತೈತಿ, ಉಟ್ಟ ಬಟ್ಟಿ ನಾರತಾವ. ಈ ಮನ್ಯಾಗ ನಾರಲಾರದ್ದು ಏನೈತಿ ಹೇಳ್ರಿ!" ಪೇಪರ್ ಮೇಲೆದ್ದಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದರು, ಬುಟ್ಟಿ ಅಲ್ಲೇ ಇಟ್ಟು ಒಳಗೆ ಹೋದರು.

ಅದರ ಮೇಲೆ ಇನ್ನೊಂದು ಪೀಕಲಾಟ ಶುರುವಾಯಿತು. ಅತ್ತೆ ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದರು. ನಳ ಬರದ ದಿನವೂ ಎರಡು ಸಲ. ನೀರಿನ ಟಾಕಿಯ ತಳ ಕಾಣತೊಡಗಿತು. "ಇದೇನ್ರಿ ಅತ್ತಿ, ಎರಡೆರಡ ಸಲ ಜಳಕ?" ಎಂದರೆ, "ಬಿಸಲು ಬೇ, ಮೈ ಉರೀತೈತಿ" ಎಂದರು. ಮೊಲಗಳದ್ದು ಸಾಲದೆಂಬಂತೆ ಇವರದೂ ಒಂದೆಂದು ನಾನು ಗೊಣಗಿಕೊಂಡು ಟ್ಯಾಂಕರಿಗೆ ಹೇಳಿದೆ.

ಕೊನೆಗೆ ಮೊಲಗಳೇ ತಮ್ಮ ಕುತ್ತಿಗೆಗೆ ತಂದುಕೊಂಡವು. ಗೋಡೆಯ ಕೆಳಗೆ ಬಿಲ ತೋಡಿ ಪಕ್ಕದ ಮನೆಯಲ್ಲಿ ಮೇಲೆದ್ದವು. ಎದ್ದರೆ ಎಲ್ಲಿ? ತುಳಸಿಕಟ್ಟೆಯ ಮುಂದೆ! ಬೆಳಿಗ್ಗೆ ಮಡಿಯುಟ್ಟು ಪೂಜೆಗೆ ಬಂದ ಆಕೆಯ ಕಾಲ ಕೆಳಗೆ ಹಿಕ್ಕೆಯ ಸಾಲು. ಈ ಸಲ ಆಕೆ ನಗಲಿಲ್ಲ. ನಾನೇ ಹೋಗಿ ಕೈಮುಗಿದು, ಗುಡಿಸಿ, ತೊಳೆದು ಬಂದೆ. ಬಂದವಳೇ, "ಸಾಕಾತು. ಬರೂ ರವಿವಾರ ಇವು ಈ ಮನಿ ಬಿಡಬೇಕು" ಎಂದೆ. ಕಳ್ಳಕವಟಗಿಯಲ್ಲಿ ಒಕ್ಕಲುತನ ನೋಡಿಕೊಳ್ಳುವ ಮೈದುನನಿಗೆ ಫೋನ್ ಮಾಡಿದೆ. ಮಮದಾಪುರದಲ್ಲಿ ಪರಿಚಯದವರ ಹೊಲದ ಮನೆಯಿದೆ, ಅವರು ಸಾಕಿಕೊಳ್ಳುತ್ತಾರೆ, ತಾನೇ ಬಂದು ಒಯ್ಯುತ್ತೇನೆ ಎಂದ. ಅವತ್ತು ಅತ್ತೆ ಅರ್ಧ ರೊಟ್ಟಿ ತಿಂದು ಎದ್ದರು.

ರವಿವಾರ ಬೆಳಿಗ್ಗೆ ನಾನು ಕಾಯಿಪಲ್ಲೆ ತರಲು ಹೋಗಿ ಬಂದರೆ ಹಿತ್ತಲಲ್ಲಿ ಬಿಸಿನೀರಿನ ಹಂಡೆ, ಸೀಗೆಪುಡಿಯ ಬಟ್ಟಲು, ನನ್ನ ಗಂಧದ ಸಾಬೂನು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಅತ್ತೆ ಮೊಲಗಳಿಗೆ ಎರೆಯುತ್ತಿದ್ದರು! ಬಾಣಂತಿ ಮನೆಯ ಕೂಸಿಗೆ ಎರೆದ ಹಾಗೆ, ಕಾಲು ಚಾಚಿ, ಅದರ ಮೇಲೆ ಮೊಲ ಮಲಗಿಸಿಕೊಂಡು. ಎರೆಸಿಕೊಂಡ ಮೂರ್ನಾಲ್ಕು ಮೊಲಗಳು ನೆನೆದು ಇಲಿಗಳಂತಾಗಿ ಮೂಲೆಯಲ್ಲಿ ನಡುಗುತ್ತಿದ್ದವು. ಬೂದುಬಣ್ಣದ ತಾಯಿಮೊಲ ಅಡ್ಡಬಿದ್ದಿತ್ತು. ಕಿವಿ ಮುಟ್ಟಿದರೆ ತಣ್ಣಗೆ.

"ಅಯ್ಯಯ್ಯ, ಏನ್ ಮಾಡಿದ್ರಿ ಅತ್ತಿ!" ಎಂದು ಕಿರುಚಿ ಅದನ್ನು ಮಡಿಲಿಗೆ ಎಳೆದುಕೊಂಡೆ. ಗಂಡ ಪೇಪರ್ ಬಿಸಾಡಿ ಟವೆಲ್ಲು ತಂದರು. ನಾನು ತಲೆ ಒಣಗಿಸುವ ಮಷಿನ್ನು ಹಚ್ಚಿದೆ. ಅವರು ಪರಿಚಯದ ದನದ ಡಾಕ್ಟರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದರು.

"ಮೊಲಕ್ಕ ನೀರ ಹಾಕಿದ್ರ್ಯಾ? ಯಾರ ಹೇಳಿದ್ರು ನಿಮಗ?" ಡಾಕ್ಟರು ಗದರಿದರು. "ಅಂಜಿನ ಸಾಯತಾವ್ರೀ ಅವು. ಒರಸ್ರಿ, ಬೆಚ್ಚಗಿಡ್ರಿ." ಆಮೇಲೆ ನನ್ನ ಫಿನಾಯಿಲ್ ವಿಷಯ ತಿಳಿದು ನನ್ನನ್ನೂ ಬಿಡಲಿಲ್ಲ. "ಅವುಗಳ ವಾಸನಿ ಪೂರ್ತಿ ತೊಳದ್ರ, ಇದು ನಮ್ಮ ಜಾಗಾ ಅಲ್ಲ ಅಂತ ಗಾಬರ್ಯಾಗಿ ಎಲ್ಲಾ ಕಡೆ ಮಾಡತಾವ. ಒಂದ ಮೂಲಿ ಅವಕ್ಕ ಬಿಡ್ರಿ. ಅಲ್ಲಿ ಶೇಂಗಾ ಹೊಟ್ಟು ಹಾಕ್ರಿ, ತೆಗಿಯೂವಾಗ ಒಂದ ಹಿಡಿ ಹಳೇದು ಉಳಸ್ರಿ. ಅಲ್ಲೇ ಹೋಗತಾವ."

ಅಷ್ಟು ದಿನ ನಾನು ಸುರಿದ ನೀರು, ಸವೆಸಿದ ಕಸಬರಿಗೆ ನೆನೆದು ನನಗೆ ಅಳು ಬರುವುದೊಂದು ಬಾಕಿ. ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. "ಹೋಗೂ ಮೊಲಕ್ಕ ಜಳಕ ಯಾಕ ಬೇಕಿತ್ತರಿ? ಇನ್ನೊಂದ ತಾಸಿನ್ಯಾಗ ಹೋಗತಿದ್ದವಲ್ಲಾ!"

ಅತ್ತೆ ಒದ್ದೆ ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. "ನಾರತಾವ ಅಂತ ನೀ ಹೊರಗ ಹಾಕಾಕತ್ತೀದಿ ಯವ್ವಾ. ಗೊತ್ತಿಲ್ಲದ ಮನಿ. ಅವರೂ ಹಂಗ ಅಂದರ ಅವು ಮತ್ತ ಎಲ್ಲಿಗಿ ಹೋಗಬೇಕು?"

ನಾನು ಮಷಿನ್ನು ಆರಿಸಿ, ಮಡಿಲಲ್ಲಿದ್ದುದರ ಕಿವಿಯನ್ನು ಸೆರಗಿನಿಂದ ಒರೆಸಿದೆ. ಅಷ್ಟರಲ್ಲಿ ತಾಯಿಮೊಲ ಕಣ್ಣು ಬಿಟ್ಟು, ನನ್ನ ಹೊಟ್ಟೆಗೆ ಎರಡು ಒದೆ ಕೊಟ್ಟು, ಸೀರೆ ತುಂಬ ಉಚ್ಚೆ ಹೊಯ್ದು ಕೆಳಗೆ ಹಾರಿತು. ಬದುಕಿತಲ್ಲ, ಮುಂಡೇದು.

ಬಾಗಿಲಲ್ಲಿ ಮೈದುನ ದೊಡ್ಡ ದೊಡ್ಡ ಬುಟ್ಟಿ ಹಿಡಿದು ಯಾವಾಗ ಬಂದು ನಿಂತಿದ್ದನೋ. "ವೈನಿ, ತುಂಬಲ್ಯಾ?" ಎಂದು ಅಂಜುತ್ತ ಕೇಳಿದ.

"ತುಂಬಪಾ. ಅಲ್ಲಿ ಹಿಕ್ಕಿ ಗುಂಪಿ ಐತಿ, ಅದನ್ನ ತುಂಬಿಕೊಂಡ ಹೋಗು. ಹೊಲಕ್ಕ ಗೊಬ್ಬರ ಆಗತೈತಿ."

ಅವನು ಅಣ್ಣನ ಮುಖ ನೋಡಿದ. ಅಣ್ಣ ಪೇಪರ್ ಹುಡುಕತೊಡಗಿದರು. ಊಟ ಮಾಡಿ, ಬುಟ್ಟಿ ತುಂಬ ಹಿಕ್ಕೆ ಹೇರಿಕೊಂಡು ಅವನು ಹೋದ. ನಾನು ಪಕ್ಕದ ಮನೆಗೆ ಹೋಗಿ, ಗೋಡೆಯ ಬುಡಕ್ಕೆ ಕಲ್ಲು ಕೂಡಿಸುತ್ತೇವೆಂದು ಹೇಳಿ ಬಂದು, ಆಮೇಲೆ ಸೀರೆ ಬದಲಿಸಿದೆ.

ಸಂಜೆ ಊಟಕ್ಕೆ ತಾಟು ಹಾಕಿ ಕರೆದರೆ ಅತ್ತೆ ಇಲ್ಲ. ಬಚ್ಚಲಲ್ಲಿ ನೀರಿನ ಸದ್ದು. ನನಗೆ ಮತ್ತೆ ತಲೆ ಕೆಟ್ಟಿತು. ಬೆಳಿಗ್ಗೆ ಮೊಲಗಳಿಗೆ ಒಂದು ಹಂಡೆ, ಈಗ ಇವರಿಗೆ ಇನ್ನೊಂದು! ಇವತ್ತು ಹೇಳಿಯೇಬಿಡಬೇಕೆಂದು ಬಾಗಿಲಲ್ಲಿ ಕಾದು ನಿಂತೆ. ಒದ್ದೆ ಕೂದಲು ಕಟ್ಟಿಕೊಂಡು ಹೊರಬಂದ ಅತ್ತೆ ನನ್ನನ್ನು ನೋಡಿ ನಿಂತರು. ಆಮೇಲೆ ತಿಕ್ಕಿ ತಿಕ್ಕಿ ಕೆಂಪಾದ ತೋಳನ್ನು ನನ್ನ ಮುಂದೆ ಚಾಚಿದರು.

"ಒಂದೀಟು ಮೂಸಿ ನೋಡ ಯವ್ವಾ. ನನ್ನ ಮೈಯಾಗಿಂದು ಹೋಗೇತೇನು?"

ಮೂಸಿದೆ. ಸೀಗೆ, ಸೊಪ್ಪು, ಮೊಲ, ಲೋಬಾನ.

"ಇಲ್ರಿ, ಹೋಗಿಲ್ಲ" ಎಂದೆ. "ನನ್ನ ಮೈಯಾಗೂ ಐತಿ. ಬರ್ರಿ, ರೊಟ್ಟಿ ಆರಾಕತ್ತಾವ."

ಮರುದಿನದಿಂದ ಅತ್ತೆ ಒಂದೇ ಸಲ ಸ್ನಾನ ಮಾಡತೊಡಗಿದರು.