ಸಂಗಯ್ಯನ ಮೋಟಾರಿನ ಎಡಗೈ

ಇಳಕಲ್ಲಿನ ಸಂಗಯ್ಯ ಜಂಗಮರ ಮನೆಯಲ್ಲಿ ಹುಟ್ಟಿದವನು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದವರು. ತಿರುಗುವುದು ಸಂಗಯ್ಯನಿಗೂ ಇಷ್ಟವಿತ್ತು, ನಡೆಯುವುದು ಮಾತ್ರ ಆಗಿಬರುತ್ತಿರಲಿಲ್ಲ. ಮೀಸೆ ಚಿಗುರುವ ಮೊದಲೇ ಬಾಗಲಕೋಟೆಗೆ ಓಡಿಹೋಗಿ ಹತ್ತಿಯ ಲಾರಿಯಲ್ಲಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. ಅಪ್ಪ ಹುಡುಕಿಕೊಂಡು ಬಂದು ಬೈದರೆ ಅವನ ಉತ್ತರ ತಯಾರಿತ್ತು: "ಜಂಗಮ ಅಂದ್ರ ಚಲಸಾಂವ ಅಂತ ನೀನ ಹೇಳಿದ್ದೆಲ್ಲ, ಎಪ್ಪಾ? ನಾ ಚಲಸಾಕತ್ತೇನಿ."

ಮದುವೆಯಾಗಿ ಇಳಕಲ್ಲಿಗೆ ಮರಳಿದ ಮೇಲೆ, ಬೆಳಗಾವಿಯ ಸಾಹೇಬನೊಬ್ಬ ಸಾಕೆಂದು ಬಿಟ್ಟಿದ್ದ ಹಳೆಯ ವಿಲಾಯತಿ ಮೋಟಾರು ತಂದು ಬಾಡಿಗೆಗೆ ಓಡಿಸತೊಡಗಿದ. ಆಗಿನ್ನೂ ನಮ್ಮ ಕಡೆ ಮುಂಬಯಿ ಸರಕಾರದ ಆಳ್ವಿಕೆ. ರಸ್ತೆಯಲ್ಲಿ ಎಡಕ್ಕೋ ಬಲಕ್ಕೋ ಗಾಡಿ ಹೊರಳಿಸುವವರು ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದರು, ಇಲ್ಲವೇ ದೇವರ ಮೇಲೆ ಭಾರ ಹಾಕಿ ಸುಮ್ಮನೆ ಹೊರಳುತ್ತಿದ್ದರು. ಸಂಗಯ್ಯನ ಮೋಟಾರಿಗೆ ಅದರದೇ ಕೈಗಳಿದ್ದವು. ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ, ಆ ಬದಿಗೊಂದು ಈ ಬದಿಗೊಂದು, ಗೇಣುದ್ದದ ತಗಡಿನ ಕೈ ಮಡಚಿಕೊಂಡು ಮಲಗಿರುತ್ತಿತ್ತು. ಸ್ವಿಚ್ಚು ಎಡಕ್ಕೆ ತಿರುವಿದರೆ ಎಡಗೈ ಟಕ್ಕೆಂದು ಎದ್ದು ಅಡ್ಡಲಾಗಿ ನಿಲ್ಲುತ್ತಿತ್ತು, ಅದರ ಕೆಂಪು ಗಾಜಿನೊಳಗೆ ದೀಪ ಹೊತ್ತುತ್ತಿತ್ತು. ಸಂಗಯ್ಯನಿಗೆ ಇದರ ಜಂಬ ಎಷ್ಟೆಂದರೆ, ನೇರ ರಸ್ತೆಯಲ್ಲೂ ಎದುರಿಗೆ ಯಾರಾದರೂ ಪರಿಚಯದವರು ಬಂದರೆ ಒಮ್ಮೆ ಕೈ ಎತ್ತಿಸಿಯೇ ಮುಂದೆ ಹೋಗುತ್ತಿದ್ದ.

ಅವನ ಕಾಯಂ ಗಿರಾಕಿ ಸೀರೆ ವ್ಯಾಪಾರಿ ಅಂದಾನಪ್ಪ. ವಾರಕ್ಕೊಮ್ಮೆ ಸೀರೆಯ ಗಂಟುಗಳನ್ನು ಹಿಂದೆ ತುಂಬಿ, ತಾನು ಮುಂದಿನ ಎಡಗಡೆಯ ಸೀಟಿನಲ್ಲಿ ಕೂತು, ಹುನಗುಂದದ ಮೇಲೆ ಹಾದು ಬಾಗಲಕೋಟೆಗೆ ಹೋಗುತ್ತಿದ್ದ. ಅಂದಾನಪ್ಪ ಉಂಡು ಬೆಳೆದ ಮನುಷ್ಯ. ಅವನು ಕೂತನೆಂದರೆ ಮೋಟಾರು ಎಡಕ್ಕೆ ಬಾಗಿ ಅವನಿಗೆ ಶರಣು ಮಾಡಿದ ಹಾಗೆ ಕಾಣುತ್ತಿತ್ತು.

ಒಮ್ಮೆ ಹೀಗೇ ಹೋಗುವಾಗ, ಹುನಗುಂದದ ಸ್ಟ್ಯಾಂಡಿನ ಹತ್ತಿರ ಸಂಗಯ್ಯ ಸ್ವಿಚ್ಚು ತಿರುವಿ, ಸ್ವಲ್ಪ ಬಲಕ್ಕೆ ಸರಿದು, ಎಡಕ್ಕೆ ಹೊರಳಿದ. ಹಿಂದಿನಿಂದ ಅದೇ ಎಡಬದಿಯಲ್ಲಿ ಬರುತ್ತಿದ್ದ ಬಸ್ಸು ಮೋಟಾರಿನ ಮಡ್‌ಗಾರ್ಡನ್ನು ಕೆರೆದುಕೊಂಡು ಹೋಗಿ ನಿಂತಿತು. ಬಸ್ಸಿನ ಡ್ರೈವರ್ ಹುಲ್ಲಪ್ಪ ಜಿಗಿದು ಬಂದ.

"ಅಯ್ಯನವರ, ಜಂಗಮರಿಗೆ ಬೈಯಾಕ ಬಾಯಿ ಬರೂದಿಲ್ಲ, ಅದಕ್ಕ ಬಚಾವ್ ಆದ್ರಿ. ಕೈ ಯಾಕ ತೋರಿಸಲಿಲ್ಲ?"

"ತೋರಿಸೇನಿ! ನಿನಗ ಕಣ್ಣಿಲ್ಲ!"

"ಎದ್ದಿದ್ದಿಲ್ಲರಿ ಕೈ! ಖರೆ ಹೇಳತೇನಿ."

ಜನ ಸೇರಿತು. ಅಂದಾನಪ್ಪನೂ ಪಂಚಾಯಿತಿ ಮಾಡಲು ಕೆಳಗಿಳಿದ. ಸಂಗಯ್ಯ ಎಲ್ಲರೆದುರು ಸ್ವಿಚ್ಚು ತಿರುವಿದ. ಕೈ ಟಕ್ಕೆಂದು ಎದ್ದು ಕೆಂಪಗೆ ಬೆಳಗಿತು. ಮತ್ತೊಮ್ಮೆ ತಿರುವಿದ, ಮತ್ತೆ ಎದ್ದಿತು.  ಹುಲ್ಲಪ್ಪ ತಪ್ಪಾಯಿತೆಂದು ಕೈ ಮುಗಿಯುವವರೆಗೆ ಜನ ಬಿಡಲಿಲ್ಲ. ಅಂದಿನಿಂದ ಸ್ಟ್ಯಾಂಡಿನಲ್ಲಿ ಅವನ ಹೆಸರೇ ಕುರುಡ ಹುಲ್ಲಪ್ಪ ಎಂದಾಯಿತು. ಕುರುಡನ ಬಸ್ಸು ಎಂದು ಹತ್ತಲು ಹಿಂದೆಮುಂದೆ ನೋಡುವವರೂ ಹುಟ್ಟಿಕೊಂಡರು.

ಮರುವಾರ ಅಂದಾನಪ್ಪನನ್ನು ಕೂರಿಸಿಕೊಂಡು ಹೊರಟಾಗ ಸಂಗಯ್ಯ ದಾರಿಯಲ್ಲಿ ಕೈ ಎತ್ತಿಸಿ, ಕುತ್ತಿಗೆ ಚಾಚಿ ನೋಡಿದ. ಕೈ ಎದ್ದಿರಲಿಲ್ಲ.  ಆದರೆ ಖಾಲಿ ಗಾಡಿ ಮನೆಗೆ ತಂದು ನೋಡಿದರೆ, ಕರೆದ ಕೂಡಲೇ ಬರುವ ನಾಯಿಯಂತೆ ಎದ್ದು ನಿಂತಿತು.

ಬ್ಯಾಟರಿಯ ತುದಿಗಳನ್ನು ತಿಕ್ಕಿ ತೊಳೆದ. ಕೈಯ ಕೀಲಿನ ಧೂಳು ತೆಗೆದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಸ್ವಿಚ್ಚು ಬಿಚ್ಚಿ ಒರೆಸಿ ಮತ್ತೆ ಕೂರಿಸಿದ. ನಂಬಿಕೆ ಇಲ್ಲದಿದ್ದರೂ ಬಂಪರಿಗೆ ನಿಂಬೆಹಣ್ಣು ಕಟ್ಟಿದ. ಅಂದಾನಪ್ಪ ಹತ್ತಿದ ದಿನ ಕೈ ಮತ್ತೆ ಮಲಗಿತು.

"ಸಾವಕಾರರ ಕಾಲ್ಗುಣ ಸರಿ ಇಲ್ಲ," ಎಂದು ಹೆಂಡತಿಯ ಮುಂದೆ ಗೊಣಗಿದ.

ಶಿವಬಸವ್ವ ರೊಟ್ಟಿ ಬಡಿಯುತ್ತಿದ್ದಳು. "ಅವರು ಏರಿದಾಗ ಅಷ್ಟ ಕೆಡತೈತೇನು?"

"ಹೂಂ. ಅವರು ಇಳದರ ಸರಿ ಆಗತೈತಿ."

"ಅಂದ್ರ ಅದು ಕಾಲ್ಗುಣ ಅಲ್ಲರಿ, ಕುಂಡಿಗುಣ. ಒಳಗ ಏನೋ ಒತ್ತತೈತಿ, ನೋಡ್ರಿ."

ಸಂಗಯ್ಯ ನಗಲಿಲ್ಲ. ಎದ್ದು ಮನೆಯೊಳಗಿನ ಜೋಳದ ಚೀಲ ಎಳೆದ. ಗಂಡಹೆಂಡತಿ ಇಬ್ಬರೂ ತೇಕುತ್ತ ಅದನ್ನು ಮುಂದಿನ ಸೀಟಿಗೆ ಏರಿಸಿದರು. ಸ್ವಿಚ್ಚು ತಿರುವಿದರೆ ಕೈ ಮಿಸುಕಲಿಲ್ಲ. ಚೀಲ ಇಳಿಸಿದರು. ಟಕ್!

ಸೀಟು ಕಿತ್ತು ನೋಡಿದ. ಎಡಗೈಗೆ ಹೋಗುವ ವಾಯರು ಸೀಟಿನ ಕಬ್ಬಿಣದ ಕಾಲಿನ ಕೆಳಗೇ ಹಾದಿತ್ತು. ಮೇಲಿನ ಬಟ್ಟೆಯ ಸುತ್ತು ಅಲ್ಲಿ ಸವೆದಿತ್ತು, ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಭಾರ ಬಿದ್ದರೆ ತುಂಡುಗಳು ಬೇರೆಯಾಗುತ್ತಿದ್ದವು, ಭಾರ ಇಳಿದರೆ ಒಂದನ್ನೊಂದು ಮುಟ್ಟುತ್ತಿದ್ದವು. ಸಂಗಯ್ಯ ತುದಿಗಳನ್ನು ಕೆರೆದು, ಹುರಿ ಮಾಡಿ, ಪಟ್ಟಿ ಸುತ್ತಿ, ವಾಯರನ್ನು ಬಾಗಿಲಿನ ಅಂಚಿಗೆ ಸರಿಸಿ ಬಿಗಿದ. ಜೋಳದ ಚೀಲ ಮತ್ತೆ ಏರಿತು. ಅದರ ಮೇಲೆ ಶಿವಬಸವ್ವನೂ ಏರಿ ಕೂತಳು. ಕೈ ಎದ್ದಿತು.

ಗೆದ್ದೆನೆಂದು ಕುಣಿಯಬೇಕಾದವನು ಕಟ್ಟೆಯ ಮೇಲೆ ಸಪ್ಪಗೆ ಕೂತ.

"ಹಂಗಾರ ಹುಲ್ಲಪ್ಪ ಹೇಳಿದ್ದು ಖರೆ," ಎಂದ.

"ಖರೆನ. ಮಂದಿ ಮುಂದ ಕುರುಡ ಮಾಡೀರಿ, ಮಂದಿ ಮುಂದನ ಕಣ್ಣು ಕೊಡ್ರಿ," ಎಂದಳು ಶಿವಬಸವ್ವ, ಸೀರೆಯ ಮೇಲಿನ ಜೋಳದ ಹೊಟ್ಟು ಝಾಡಿಸುತ್ತ.

ಮುಂದಿನ ವಾರ ಹುನಗುಂದದ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹುಲ್ಲಪ್ಪ ಸಿಕ್ಕ. ದುರ್ದೈವಕ್ಕೆ, ಸಂಗಯ್ಯನ ಮೋಟಾರಿನಲ್ಲೇ ಬಂದಿದ್ದ ಅಂದಾನಪ್ಪನೂ ಅಲ್ಲೇ ಬಶಿಯಲ್ಲಿ ಚಹಾ ಸುರಿದುಕೊಂಡು ಕೂತಿದ್ದ.

"ಹುಲ್ಲಪ್ಪಾ, ಅವತ್ತ ತಪ್ಪು ನಂದು," ಸಂಗಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ. "ಕೈ ಎದ್ದಿದ್ದಿಲ್ಲ. ವಾಯರ್ ಹರದಿತ್ತು."

ಹುಲ್ಲಪ್ಪ ಅಷ್ಟಕ್ಕೆ ಬಿಡುವವನಲ್ಲ. "ಹರದಿದ್ರ, ಮಂದಿ ಮುಂದ ಎರಡು ಸಲ ಹೆಂಗ ಎದ್ದಿತ್ರಿ?"

ಅಂಗಡಿಯ ಮಂದಿಯೆಲ್ಲ ಸಂಗಯ್ಯನ ಮುಖ ನೋಡಿದರು. ಒಂದು ಕಡೆ ಹುಲ್ಲಪ್ಪನ ಕಣ್ಣು, ಇನ್ನೊಂದು ಕಡೆ ಕಾಯಂ ಗಿರಾಕಿ. ಸಂಗಯ್ಯ ಅಂದಾನಪ್ಪನ ಕಡೆ ನೋಡದೆ ಹೇಳಿದ.

"ಆಗ... ಸಾವಕಾರ್ರು ಕೆಳಗ ಇಳದಿದ್ರು."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೊದಲು ನಕ್ಕವನು ಚಹಾ ಸೋಸುವವನು. ಆಮೇಲೆ ಇಡೀ ಅಂಗಡಿ ನಕ್ಕಿತು. ಹುಲ್ಲಪ್ಪನಂತೂ ಕಣ್ಣೀರು ಬರುವಷ್ಟು ನಕ್ಕ. ಅಂದಾನಪ್ಪ ಬಶಿ ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು ಎದ್ದ.

"ಗಂಟು ಇಳಸ್ರಿ ಅಯ್ಯನವರ. ನಾ ಬಸ್ಸಿಗೆ ಹೋಗತೇನಿ."

ಹುಲ್ಲಪ್ಪ ಅವನನ್ನು ಮದುಮಗನಂತೆ ಮುಂದಿನ ಸೀಟಿಗೆ ಕರೆದೊಯ್ದ. ಸಂಗಯ್ಯ ಖಾಲಿ ಮೋಟಾರಿನಲ್ಲಿ ಇಳಕಲ್ಲಿಗೆ ಬಂದ.  ಶಿವಬಸವ್ವ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿದಳು.

ಕೆಲವು ವಾರ ಅಂದಾನಪ್ಪ ಬಸ್ಸಿನಲ್ಲೇ ಓಡಾಡಿದ. ಒಂದು ಬೆಳಿಗ್ಗೆ ಗಂಟುಗಳ ಸಮೇತ ಸಂಗಯ್ಯನ ಬಾಗಿಲಿಗೆ ಬಂದು ನಿಂತ.

"ಹುಲ್ಲಪ್ಪಗ ಕಣ್ಣು ಭಾಳ ಚಲೋ ಅದಾವ್ರಿ," ಎಂದ. "ದಾರಿಯೊಳಗಿನ ಒಂದ ತೆಗ್ಗೂ ಬಿಡೂದಿಲ್ಲ, ಎಲ್ಲಾ ನೋಡಿ ನೋಡಿ ಇಳಸತಾನ. ನನ್ನ ನಡಾ ಮುರೀತು."

ಮುಂದಿನ ಎಡಗಡೆಯ ಸೀಟಿನಲ್ಲಿ ಹತ್ತಿ ಕೂತ. ಮೋಟಾರು ಬಾಗಿತು.

"ಎತ್ತರಿ ಕೈ," ಎಂದ.

ಸಂಗಯ್ಯ ಸ್ವಿಚ್ಚು ತಿರುವಿದ. ಅಂದಾನಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಹಿಂದಕ್ಕೆ ಹೊರಳಿ, ಎದ್ದು ನಿಂತ ಕೆಂಪು ಕೈಯನ್ನು ತಟ್ಟಿ ನೋಡಿದ.

"ಈಗ ನಡೀರಿ."