ಹೆಗಲ ಮೇಲೆ ಉಳಿದ ವಾಯರು

ಗೆಳೆಯನ ಆಂಪ್ಲಿಫೈಯರ್ ಮಂಕಾಗಿದೆ ಎಂದು ಮೊದಲು ಹೇಳಿದವನು ನಾನೇ. ಈಗ ಅದನ್ನು ನೆನೆಸಿಕೊಂಡರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಅವನು ಖಾನಾಪುರದವನು, ಹಂಚು ಇಟ್ಟಿಗೆಗಳ ವ್ಯಾಪಾರಿ. ನಾನು ಬೆಳಗಾವಿಯ ಖಾಸಬಾಗದಲ್ಲಿರುವವನು. ಕಚೇರಿಯ ಕೆಲಸ, ನಿವೃತ್ತಿಗೆ ಇನ್ನು ಸ್ವಲ್ಪವೇ ಬಾಕಿ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು. ರವಿವಾರ ಬೆಳಿಗ್ಗೆ ರೈಲು ಹತ್ತಿ, ದೇಸೂರ ದಾಟಿ, ಅವನ ಮನೆಗೆ ಹೋಗಿ ಸಂಗೀತ ಕೇಳುವುದು ನನ್ನ ಬಹುಕಾಲದ ಚಟ. ನನ್ನ ಹೆಂಡತಿ ಅದನ್ನು ‘ನಿಮ್ಮ ಎರಡನೇ ಸಂಸಾರ’ ಎಂದು ಛೇಡಿಸುತ್ತಾಳೆ.

ಅವನ ಸೆಟ್ಟು ಅಂಗಡಿಯಿಂದ ತಂದದ್ದಲ್ಲ. ಆಂಪ್ಲಿಫೈಯರನ್ನು ತಾನೇ ಕೂತು ಜೋಡಿಸಿದ್ದ. ಸ್ಪೀಕರಿನ ಪೆಟ್ಟಿಗೆಗಳನ್ನು ಊರಿನ ಬಡಗಿಯ ಹತ್ತಿರ ಸಾಗವಾನಿಯಲ್ಲಿ ಮಾಡಿಸಿದ್ದ. ಕಟ್ಟಿದವನು ಅವನು, ತೀರ್ಪು ಕೊಡುವವನು ನಾನು. ಹಾಗೊಂದು ಪದ್ಧತಿ ನಮ್ಮಲ್ಲಿ ಬಿದ್ದುಬಿಟ್ಟಿತ್ತು. ಏನಾದರೂ ಬದಲಾಯಿಸಬೇಕಾದಾಗ ನಾನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು. ಅವನು ಸೆಟ್ಟಿನ ಹಿಂದೆ ಹೋಗಿ ಬದಲಿಸಿ, ಮೊದಲು ಕೇಳಿದ ರಿಕಾರ್ಡನ್ನೇ ಮತ್ತೆ ಹಚ್ಚಬೇಕು. ನಾನು ಹೇಳಿ ಮುಗಿಸುವವರೆಗೆ ನಡುವೆ ಯಾರೂ ಬಾಯಿ ಹಾಕಬಾರದು. ‘ನನಗ ಕೈ ಅದಾವು, ಇಂವಗ ಕಿವಿ ಅದಾವು’ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಸಂಕೋಚಪಟ್ಟವನಂತೆ ನಗುತ್ತಿದ್ದೆ. ಸಂಕೋಚ ಎಲ್ಲಿಯದು, ಒಳಗೊಳಗೆ ಉಬ್ಬಿಹೋಗುತ್ತಿದ್ದೆ.

ಹೋದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ತಂಬೂರಿಯ ನಾದ ನನಗೆ ಸಪ್ಪೆಯಾಗತೊಡಗಿತು. ತಳದ ಗುಂಗು ಕೇಳುತ್ತಿತ್ತು, ಅದರ ಮೇಲೆ ಏಳುವ ಸಣ್ಣ ಝೇಂಕಾರ ಇರಲಿಲ್ಲ. ‘ಯಾಕೋ ಮಂಕ ಐತಲ್ಲೋ’ ಎಂದೆ. ಅವನು ರಿಕಾರ್ಡಿನ ಮುಳ್ಳು ಬದಲಿಸಿದ. ಮಂಕು. ಸ್ಪೀಕರಿನ ವಾಯರು ಬದಲಿಸಿದ. ಮಂಕು. ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿ ಬೆಸುಗೆ ತೆಗೆದು ಹೊಸ ಭಾಗಗಳನ್ನು ಹಾಕಿದ. ಆಗಲೂ ನಾನು ದೊಡ್ಡ ಪಂಡಿತನಂತೆ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ನಾನು ಏರಿಸಿಟ್ಟ ಟಿವಿಯ ಸದ್ದಿಗೆ ಜಗಳವಾಗುತ್ತಿತ್ತು. ಕುಕ್ಕರ್ ಅಷ್ಟು ಕೂಗಿದರೂ ಗ್ಯಾಸ್ ಆರಿಸಲಿಲ್ಲವೆಂದು ಹೆಂಡತಿ ಸಿಟ್ಟಾಗುತ್ತಿದ್ದಳು. ‘ಒಮ್ಮೆ ಕಿವಿ ತೋರಿಸ್ಕೊಂಡು ಬರ್ರಿ ಪಪ್ಪಾ’ ಎಂದ ಮಗಳ ಮೇಲೆ ಹರಿಹಾಯ್ದಿದ್ದೆ. ಕಚೇರಿಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ, ಇನ್ನೊಮ್ಮೆ ಹೇಳಿ ಅನ್ನುವ ಬದಲು ನಗುತ್ತ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಹಾಗೆಯೇ ಒಬ್ಬ ಸಹೋದ್ಯೋಗಿ ತನ್ನ ಮಾವ ತೀರಿಕೊಂಡ ಸುದ್ದಿ ಹೇಳಿದಾಗ ‘ಭಾಳ ಛಲೋ ಆತು ಬಿಡ್ರಿ’ ಎಂದುಬಿಟ್ಟೆ. ಆ ಮನುಷ್ಯ ಈಗಲೂ ನನ್ನನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಾನೆ. ಇಷ್ಟಾದರೂ ಇದನ್ನೂ ಅದನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಬರಲಿಲ್ಲ ಎಂದರೂ ಸುಳ್ಳೇ. ಬಂದಾಗಲೆಲ್ಲ ಅದನ್ನು ಹೊರಗೆ ಅಟ್ಟುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ರವಿವಾರ ಹೋದಾಗ ಅವನು ಮುಂಬಯಿಯಿಂದ ತರಿಸಿದ ಪವರ್ ಕೇಬಲ್ ಒಂದನ್ನು ತೋರಿಸಿದ. ಹೆಬ್ಬೆರಳಿಗಿಂತ ದಪ್ಪ, ಮೈತುಂಬ ಕಪ್ಪು ನೇಯ್ಗೆಯ ಹೊದಿಕೆ. ಸೆಟ್ಟಿನ ನಾದ ಸುಧಾರಿಸುತ್ತದೆಂದು ಇಂಥವನ್ನು ಕೊಳ್ಳುವವರನ್ನು ಕಂಡು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕವರು. ಕರೆಂಟು ಎಲ್ಲಿಂದಲೋ ಹೊರಟು, ಕಂಬದಿಂದ ಕಂಬಕ್ಕೆ ಜೋತು, ಟೊಂಗೆ ಬಿದ್ದು ಹರಿದು ಗಂಟು ಹಾಕಿಸಿಕೊಂಡ ತಂತಿಗಳನ್ನೆಲ್ಲ ಹಾದು, ಗೋಡೆಯೊಳಗಿನ ಹಳೆಯ ವಾಯರಿನಲ್ಲಿ ತೆವಳಿಕೊಂಡು ಬರುತ್ತದೆ. ಕೊನೆಯ ಒಂದು ಮಾರು ಮಾತ್ರ ರಾಜನ ಠೀವಿಯಲ್ಲಿ ಬಂದರೆ ಏನಾಯಿತು ಎಂದು ಅವನಿಗೆ ಪಾಠ ಮಾಡಿದವನೂ ನಾನೇ. ಆ ಪಾಠ ಕೇಳಿ ನಕ್ಕವನೇ ಈಗ ಬೇರೆ ದಾರಿ ಕಾಣದೆ ಅದನ್ನೇ ತರಿಸಿದ್ದ.

‘ಇದೊಂದು ನೋಡೂಣು. ಇದರಿಂದನೂ ಆಗಲಿಲ್ಲಂದ್ರ ಸಾಂಬ್ರಾದಾಂವ ಒಬ್ಬಾಂವ ಆಂಪ್ಲಿಫೈಯರ್ ಕೇಳಾಕತ್ತಾನ. ಸಂಜಿಗೆ ಬಂದು ಒಯ್ಯತಾನ, ಕೊಟ್ಟ ಬಿಡ್ತೀನಿ’ ಎಂದ. ಸುಮ್ಮನೆ ಆಡಿದ ಮಾತಲ್ಲ. ಸುತ್ತಿ ಕೊಡಲು ಹಳೆಯ ಚಾದರವೊಂದನ್ನು ಮಡಚಿ ಪಕ್ಕದಲ್ಲೇ ಇಟ್ಟಿದ್ದ.

ಆ ಚಾದರದ ಮೇಲಿಂದ ನನಗೆ ಕಣ್ಣು ತೆಗೆಯಲಾಗಲಿಲ್ಲ. ನನ್ನ ಒಂದು ಮಾತಿಗೆ ಅವನು ಕೈಯಾರೆ ಕಟ್ಟಿದ ವಸ್ತು ಮನೆ ಬಿಟ್ಟು ಹೋಗುವುದರಲ್ಲಿತ್ತು. ಏನಾದರಾಗಲಿ, ಇವತ್ತು ಛಲೋ ಅಂದೇಬಿಡಬೇಕು ಎಂದುಕೊಂಡು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಅವನು ಸೆಟ್ಟಿನ ಹಿಂದೆ, ನನ್ನ ಎಡಗಡೆಗೆ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತಿಗೆ ರಿಕಾರ್ಡು ಶುರುವಾಯಿತು.

ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ನಾಚಿಕೆಯಿರುವುದು ಇಲ್ಲಿಯೇ. ನನಗೆ ನಿಜವಾಗಿಯೂ ಕೇಳಿಸಿತು. ಮೊದಲು ಗುಂಗು, ಅದರ ಮೇಲೆ ಆ ಕಳೆದುಹೋಗಿದ್ದ ಝೇಂಕಾರ. ಕಣ್ಣಲ್ಲಿ ನೀರು ಬಂತು.

‘ಲೇ, ಬಿಚ್ಚಿತೋ!’ ಎಂದೆ ಕಣ್ಣು ತೆರೆಯದೆಯೇ. ‘ತಂಬೂರಿದು ಒಂದೊಂದ ತಂತಿ ಬ್ಯಾರೆ ಬ್ಯಾರೆ ಕೇಳಾಕತ್ತೈತಿ. ಪರದಾ ಸರಿಸಿದಂಗಾತು. ಒಂದ ವಾಯರದಾಗ ಇಷ್ಟ ಫರಕ್ ಇರ್ತದಂತ ಖರೇನ ನಾ ತಿಳಿದಿದ್ದಿಲ್ಲ. ನಾವು ಸುಮ್ಮನ ನಗತಿದ್ವಿ ನೋಡು!’ ಇನ್ನೂ ಏನೇನೋ ಹೇಳಿದೆ. ತಬಲಾದ ಬಗ್ಗೆ, ಗಾಯಕನ ಉಸಿರಿನ ಬಗ್ಗೆ. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಕಣ್ಣು ತೆರೆದಾಗ ವೈನಿ, ಅಂದರೆ ಅವನ ಹೆಂಡತಿ, ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವನು ಸೆಟ್ಟಿನ ಹಿಂದಿನಿಂದ ಎದ್ದು ನನ್ನೆದುರು ನಿಂತಿದ್ದ. ಆ ದಪ್ಪ ವಾಯರು ಅವನ ಹೆಗಲ ಮೇಲೆ ಟವೆಲ್ಲಿನ ಹಾಗೆ ಬಿದ್ದಿತ್ತು.

‘ಅಣ್ಣಾರ, ಇವರು ಆಗಳೇ ಹೇಳಿದ್ರಲ್ರೀ’ ಎಂದರು ವೈನಿ, ಏನೂ ಅರ್ಥವಾಗದೆ. ‘ಅದರ ಪಿನ್ನು ದಪ್ಪ ಐತಿ, ಈ ಬೋರ್ಡಿನ್ಯಾಗ ಹೋಗವಲ್ದು, ತಡಿ, ಬ್ಯಾರೆ ಬೋರ್ಡ ಹುಡುಕೂತನಕ ಹಳೇದನ್ನ ಹಚ್ಚಿರ್ತೀನಿ ಅಂತ...’

‘ನೀ ಚಾ ಕೊಡು ಮೊದಲ’ ಎಂದು ಅವನು ಅವರ ಮಾತು ತುಂಡರಿಸಿದ.

ಹೇಳಿದ್ದನಂತೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತು, ಬಾಗಿಲಲ್ಲಿದ್ದ ವೈನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದನಂತೆ. ನನಗೆ ಏನೇನೂ ಕೇಳಿಸಿರಲಿಲ್ಲ. ಗೀಸರಿನಂಥ ಪಿನ್ನಿರುವ ವಾಯರು ಹೆಗಲ ಮೇಲೇ ಉಳಿದಿತ್ತು, ಹಾಡುತ್ತಿದ್ದದ್ದು ಮಂಕು ಮಂಕು ಎಂದು ನಾನು ಹಳಿದ ಅದೇ ಹಳೆಯ ಸೆಟ್ಟು. ಅವನು ಒಮ್ಮೆ ನಕ್ಕು ಬೈದಿದ್ದರೆ ನಾನೂ ನಕ್ಕು ಪಾರಾಗುತ್ತಿದ್ದೆನೇನೋ. ಅವನು ನಗಲಿಲ್ಲ. ಹೆಗಲಿನ ವಾಯರು ಆಗ ನೆನಪಾದವನಂತೆ ಅದನ್ನು ತೆಗೆದು, ಸುರುಳಿ ಸುತ್ತಿ, ಬಂದ ಡಬ್ಬಿಯಲ್ಲೇ ಇಟ್ಟ. ಸಾಂಬ್ರಾದವನಿಗೆ ಫೋನು ಹಚ್ಚಿ, ಕೊಡುವುದಿಲ್ಲ, ಬರಬೇಡ ಎಂದು ಮರಾಠಿಯಲ್ಲಿ ಹೇಳಿದ. ವೈನಿ ಚಾದರವನ್ನು ಒಳಗೆ ಒಯ್ದರು. ನಾನು ಚಹಾ ಕುಡಿದೆ. ಇಬ್ಬರೂ ನನ್ನ ಕಡೆ ನೋಡದಿರಲು ಪಡುತ್ತಿದ್ದ ಪ್ರಯತ್ನವನ್ನು ನಾನು ನೋಡುತ್ತಿದ್ದೆ.

ಸಂಜೆ ಅವನು ಎಂದಿನಂತೆ ಸ್ಟೇಷನ್ನಿಗೆ ಕಳಿಸಲು ಬಂದ. ಮನೆಯ ಗೇಟು ದಾಟಿದ ಕೂಡಲೇ ನನ್ನ ಹಿಂದಿನಿಂದ ಬಳಸಿ ಬಲಗಡೆಗೆ ಬಂದು ನಡೆಯತೊಡಗಿದ. ಯಾಕೆಂದು ತಿಳಿಯಿತು, ಎಡಗಡೆಯಿಂದ ಆಡಿದ ಮಾತು ನನಗೆ ಮುಟ್ಟಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ ನಾನೇ ಬಾಯಿ ಬಿಟ್ಟೆ. ‘ಖರೇ ಹೇಳು. ನಿನಗ ಒಂದ ದಿವಸರೆ ಮಂಕ ಕೇಳಿಸಿತ್ತೇನು?’

‘ಇಲ್ಲ’ ಎಂದ.

‘ಮತ್ತ ಮುಳ್ಳು, ವಾಯರು, ಅದು, ಇದು... ಎಲ್ಲಾ ಯಾಕ ಬದಲಿ ಮಾಡಿದೆಪಾ? ಅದನ್ನ ಕೊಟ್ಟ ಬಿಡಾಕೂ ತಯಾರಾಗಿದ್ದಿ!’

ಅಷ್ಟರಲ್ಲಿ ರೈಲು ಬಂತು. ಅವನು ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ರೂಢಿಯಂತೆ ನನ್ನ ತಲೆ ಆಗಲೇ ಹೌದು ಎಂದು ಅಲ್ಲಾಡತೊಡಗಿತ್ತು. ಅದನ್ನು ಹಿಡಿದು ನಿಲ್ಲಿಸಿದೆ.

‘ಕೇಳಸಲಿಲ್ಲೋ. ಇನ್ನೊಮ್ಮಿ ಹೇಳು.’

ಎಷ್ಟು ದಿನಗಳ ಮೇಲೆ ಆ ಮಾತು ಆಡಿದೆನೋ. ಅವನು ನನ್ನ ಹೆಗಲು ಹಿಡಿದು, ಬಲಗಿವಿಗೆ ಬಾಯಿ ಹಚ್ಚಿ ಜೋರಾಗಿ ಕೂಗಿದ.

‘ನೀ ಮಂಕ ಐತಿ ಅಂದ ಮ್ಯಾಲ ನಾ ಒಬ್ಬಾಂವನ ಕುಂತು ಛಲೋ ಐತಿ ಅಂತ ಹೆಂಗ ಕೇಳ್ಲೆಪಾ?’

ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ತಿರುಗಿ ನಮ್ಮನ್ನು ನೋಡಿದರು.