ಮೀನಿಲ್ಲದ ನೀರಿಗೆ ಊಟ

ನಮ್ಮ ಮದುವೆಗೆ ಚನ್ನಗಿರಿಯ ಅಕ್ಕ ಕೊಟ್ಟ ಉಡುಗೊರೆ ಒಂದು ಗಾಜಿನ ತೊಟ್ಟಿ. ಐವತ್ತರ ಆಸುಪಾಸಿನಲ್ಲಿ ಎರಡನೇ ಸಲ ಮದುವೆಯಾಗುವ ತಮ್ಮನಿಗೆ ಏನು ಕೊಡಬೇಕೆಂದು ಅವಳಿಗೂ ಹೊಳೆದಿರಲಿಕ್ಕಿಲ್ಲ. ಮಿಕ್ಸಿ, ಕುಕ್ಕರ್, ಮಂಚ ಎಲ್ಲ ಮೊದಲಿನ ಸಂಸಾರದ್ದೇ ಇದ್ದವು. "ಮನೆಯಾಗೆ ಏನಾರ ಓಡಾಡ್ಕಂಡಿರ್ಲಿ" ಎಂದಳು. ನಾವಿಬ್ಬರು ಇದ್ದೀವಲ್ಲ ಎಂದು ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ಹೊನ್ನಾಳಿಯ ನನ್ನ ಮನೆಯಲ್ಲಿ ನಾವಿಬ್ಬರೂ ಓಡಾಡುತ್ತಿರಲಿಲ್ಲ, ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದೆವು.

ನನ್ನ ಹೊಸ ಹೆಂಡತಿ ಜಗಳೂರಿನವಳು. ಗಂಡ ತೀರಿಕೊಂಡ ಮೇಲೆ ಬಹಳ ವರ್ಷ ತನ್ನ ತಮ್ಮನ ಮನೆಯಲ್ಲಿದ್ದಳು. ನನ್ನ ಮೊದಲ ಹೆಂಡತಿ ತೀರಿಹೋಗಿಯೂ ಕೆಲವು ವರ್ಷಗಳಾಗಿದ್ದವು. ಮಾತುಕತೆಯ ದಿನ ಅವಳು ಎಲ್ಲರ ಎದುರು ಸ್ಪಷ್ಟವಾಗಿ ಹೇಳಿದ್ದಳು: "ಹೊಂದಿಕೆ ಆದ್ರೆ ಇರ್ತೀನಿ. ಆಗ್ಲಿಲ್ಲ ಅಂದ್ರೆ ವಾಪಸ್ ಬರ್ತೀನಿ. ಆಗ ಯಾರೂ ಏನೂ ಅನ್ನಬಾರ್ದು." ಅವತ್ತು ಆ ಮಾತು ನನಗೆ ಬಹಳ ಹಿಡಿಸಿತ್ತು. ಮನೆಗೆ ಬಂದ ಮೇಲೆ ಅದೇ ಮಾತು ಹೆದರಿಸತೊಡಗಿತು. ಅವಳು ಇಲ್ಲೇ ಇರಬೇಕು ಎಂದು ನನಗೆ ದಿನದಿನಕ್ಕೂ ಹೆಚ್ಚು ಅನ್ನಿಸುತ್ತಿತ್ತು. ಅದಕ್ಕೆ ನಾನೇನು ಮಾಡಬೇಕು ಎನ್ನುವುದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಮೀನಿನ ತೊಟ್ಟಿಯ ಹಿಂದೆ ಬಿದ್ದೆ.

ಶಿವಮೊಗ್ಗದ ಅಂಗಡಿಯವನು ನನಗೆ ಮೀನು ಕೊಡಲೇ ಇಲ್ಲ. ಮೊದಲು ನೀರು ಪಳಗಬೇಕಂತೆ. ಗಾಳಿ ಬಿಡುವ ಪಂಪು, ಅದಕ್ಕೆ ಸಿಕ್ಕಿಸುವ ಸ್ಪಂಜು, ಒಂದಿಷ್ಟು ಜಲ್ಲಿ, ಮೀನಿನ ಆಹಾರದ ಡಬ್ಬಿ, ನೀರು ಪರೀಕ್ಷೆ ಮಾಡುವ ಪುಟ್ಟ ಬಾಟಲಿ ಇಷ್ಟನ್ನು ಚೀಲಕ್ಕೆ ತುಂಬಿ, ದಿನಾ ಒಂದು ಚಿಟಿಕೆ ಆಹಾರ ಖಾಲಿ ನೀರಿಗೆ ಹಾಕುತ್ತಾ ಹೋಗಿ ಎಂದ. ಅದು ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಆ ವಿಷವನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲೂ ಜಲ್ಲಿಯಲ್ಲೂ ಮೆಲ್ಲಗೆ ನೆಲೆಯೂರುತ್ತವೆ. ಅವು ಊರಿದ ಮೇಲೆಯೇ ಮೀನು. ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ ಸರ್ ಎಂದ. ನಾನು ನ್ಯಾಮತಿಯಲ್ಲಿ ವಿಜ್ಞಾನದ ಮೇಷ್ಟ್ರು. ಸಾರಜನಕ ಚಕ್ರವನ್ನು ಬೋರ್ಡಿನ ಮೇಲೆ ಬಾಣ ಹಾಕಿ ಹಾಕಿ ಬರೆದು ಕೈ ಸವೆದವನು. ಇದೇನು ಮಹಾ ಎಂದುಕೊಂಡು ಬಸ್ಸು ಹತ್ತಿದೆ.

ದಿನಾ ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದು, ಖಾಲಿ ನೀರಿಗೆ ಚಿಟಿಕೆ ಆಹಾರ ಉದುರಿಸುತ್ತಿದ್ದೆ. ಅವಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದವಳ ಮುಂದೆ ಪಾಠ ಶುರು ಮಾಡಿದರೆ ಮೇಷ್ಟ್ರಗಿರಿ ಮನೆಗೂ ತಂದ ಎಂದುಕೊಂಡಾಳೆಂದು ಸುಮ್ಮನಿದ್ದೆ. ಮೀನು ಆಮೇಲೆ ಬರುತ್ತವೆ ಎಂದಷ್ಟೇ ಒಮ್ಮೆ ಹೇಳಿದ್ದೆ. ಅವಳು ತಲೆಯಾಡಿಸಿದ್ದಳು.

ನೀರಿನ ನಡವಳಿಕೆ ಮಾತ್ರ ನನ್ನ ಪಾಠದಲ್ಲಿದ್ದಂತೆ ಇರಲಿಲ್ಲ. ಒಂದು ಸಂಜೆ ಮಬ್ಬಾಗಿ ವಾಸನೆ ಹೊಡೆಯುತ್ತಿತ್ತು, ಬಾಟಲಿಯ ಹನಿ ಬಿಟ್ಟರೆ ಹಸಿರು ಬಣ್ಣ. ಹಸಿರು ಎಂದರೆ ವಿಷ. ಸರಿ, ಹಾದಿಗೆ ಬರುತ್ತಿದೆ ಎಂದುಕೊಂಡೆ. ಮರುದಿನ ನೋಡಿದರೆ ನೀರು ತಿಳಿಯಾಗಿ ಫಳಫಳ, ಹನಿ ಬಿಟ್ಟರೆ ಹಳದಿ. ಹಳದಿ ಎಂದರೆ ಶುದ್ಧ. ವಾರಗಟ್ಟಲೆ ಹಿಡಿಯುವುದು ಒಂದೇ ದಿನಕ್ಕೆ ಹೇಗಾಯಿತು? ಮತ್ತೆ ಮಬ್ಬು, ಮತ್ತೆ ಹಸಿರು, ಮತ್ತೆ ಇದ್ದಕ್ಕಿದ್ದಂತೆ ಹಳದಿ. ಅಂಗಡಿಯವನಿಗೆ ಫೋನು ಮಾಡಿದರೆ, ಹಸಿರು ಬಂದು ಹೋಗಿ ಹಳದಿ ನಿಂತರೆ ಆಯಿತು ಎಂದ. ನಿಲ್ಲುವುದು ಎಂದರೆ ಎಷ್ಟು ಎಂದು ಕೇಳಿದೆ. ಒಂದೊಂದು ಮನೆಯ ನೀರು ಒಂದೊಂದು ಥರ ಸರ್ ಎಂದ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಹೌದು ಎಂದರೆ ಇನ್ನೊಬ್ಬ ಅಲ್ಲ ಎನ್ನುತ್ತಿದ್ದ. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಗೊಂದಲವಿಲ್ಲದೆ ಬೆಳೆಯುತ್ತಿದ್ದದ್ದು ಕುಂಡದ ಮಲ್ಲಿಗೆ ಒಂದೇ.

ಕೊನೆಗೊಂದು ಸಂಜೆ ಹಳದಿ ಬಣ್ಣ ಕಂಡದ್ದೇ, ಇನ್ನು ಕಾಯಲಾರೆ ಎಂದು ಮರುದಿನವೇ ಹೋಗಿ ಎರಡು ಗೋಲ್ಡ್‌ಫಿಶ್ ತಂದೆ. ಅವಳು ಅವತ್ತು ನಕ್ಕಿದ್ದನ್ನು ನಾನು ಮರೆಯಲಾರೆ. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆಯೇ ಕೂತಳು. ಅಡುಗೆ ಹೊತ್ತಾಯಿತು. ನಾವು ಮೊದಲ ಸಲ ಊಟ ಮಾಡುತ್ತಾ ಒಂದೇ ವಿಷಯ ಮಾತಾಡಿದೆವು.

ನಂತರ ಬಂದ ನಲ್ಲಿ ನೀರಿನ ದಿನ, ನಮ್ಮ ಬೀದಿಗೆ ಬೆಳಿಗ್ಗೆ ಬರಬೇಕಿದ್ದ ನೀರು ಕರೆಂಟಿಲ್ಲದೆ ಸಂಜೆ ಬಂತು. ಇಲ್ಲದಿದ್ದರೆ ನನಗೆ ಯಾವತ್ತೂ ಏನೂ ಗೊತ್ತಾಗುತ್ತಿರಲಿಲ್ಲವೇನೋ. ಯಾಕೆಂದರೆ ಬೆಳಗಿನ ನೀರು ಬರುವುದು ನಾನು ನ್ಯಾಮತಿಯ ಬಸ್ಸು ಹತ್ತಿದ ಮೇಲೆ. ಅವತ್ತು ಬಾಗಿಲು ತೆಗೆದು ಒಳಗೆ ಬಂದರೆ ತೊಟ್ಟಿಯ ಪಕ್ಕ ಬಕೆಟ್, ತೆಂಗಿನ ನಾರು, ಹಿಂಡಿ ಒಣಹಾಕಿದ ಸ್ಪಂಜು. ತೊಟ್ಟಿ ತುಂಬಾ ಹೊಸ ನೀರು, ಬ್ಲೀಚಿಂಗ್ ಪೌಡರಿನ ಘಾಟು. ಎರಡೂ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅವಳು ಬೆವರೊರೆಸಿಕೊಳ್ಳುತ್ತಾ ಸಂತೋಷದಿಂದ ಹೇಳಿದಳು: "ನೋಡ್ರಿ, ಮಾತಾಡ್ಸಾಕೆ ಬಂದವೆ."

ನಾನು ಕೂಗಾಡಿದೆ. ಯಾರು ಮುಟ್ಟು ಅಂದರು ಅದನ್ನು, ಕೇಳಬೇಕು ಅನ್ನಿಸಲಿಲ್ಲವಾ ಎಂದೆ. ಅವಳ ಮುಖದಿಂದ ನಗು ಹೋಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ದನಿ ಏರಿಸದೆ ಹೇಳಿದಳು: "ಈ ಮನೆಯಾಗೆ ಮುಟ್ಟಬಾರ್ದು ಅಂತ ಇನ್ನೂ ಏನೇನ್ ಐತೆ, ಒಂದೇ ಸಲಕ್ಕೆ ಹೇಳಿಬಿಡ್ರಿ."

ಮೀನನ್ನು ನೋಡಲೋ ಅವಳನ್ನು ನೋಡಲೋ ತಿಳಿಯದೆ ಅಂಗಡಿಯವನಿಗೆ ಫೋನು ಹಚ್ಚಿದೆ. ಬ್ಲೀಚಿಂಗ್ ಹಾರಿಹೋದ ಹಳೇ ನೀರಿಗೆ ಈಗಲೇ ಹಾಕಿ ಎಂದ. ಹಳೇ ನೀರು ಎಲ್ಲಿಂದ ತರಲಿ ಎಂದು ನಾನು ಫೋನಿನಲ್ಲೇ ಒದರುತ್ತಿದ್ದೆ. ಅವಳು ಹಿತ್ತಲ ಡ್ರಮ್ಮಿನಿಂದ ಆಗಲೇ ಒಂದು ಬಕೆಟ್ ತುಂಬಿ ತಂದಿದ್ದಳು. ಜಗಳೂರಿನವರ ಮನೆಯಲ್ಲಿ ಒಂದು ಡ್ರಮ್ಮು ಯಾವಾಗಲೂ ತುಂಬಿರುತ್ತದೆ. ಹೊನ್ನಾಳಿಯಲ್ಲಿ ಹೊಳೆಯೇ ಹರಿದರೂ ಅವಳ ಆ ಅಭ್ಯಾಸ ಹೋಗಿರಲಿಲ್ಲ. ಒಂದು ಮೀನು ಚೇತರಿಸಿಕೊಂಡಿತು. ಇನ್ನೊಂದು ದೀಪ ಹಚ್ಚುವ ಹೊತ್ತಿಗೆ ಮಗ್ಗುಲಾಯಿತು. ಅವಳು ಅತ್ತಳು. ಮೀನಿಗೋ ನನ್ನ ಮಾತಿಗೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಮೆಲ್ಲಗೆ ವಿಷಯ ಹೊರಬಂತು. ಅವರೂರಿನಲ್ಲಿ ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ. ಬಂದ ದಿನ ಆ ಡ್ರಮ್ಮೊಂದನ್ನು ಬಿಟ್ಟು ಮನೆಯ ಪ್ರತಿ ಪಾತ್ರೆಯ ಹಳೇ ನೀರನ್ನು ಗಿಡಕ್ಕೆ ಸುರಿದು, ಉಜ್ಜಿ, ಹೊಸದು ತುಂಬಬೇಕು. ಹಾಗೆ ಮಾಡದವಳನ್ನು ಮನೆವಾರ್ತೆ ತಿಳಿಯದವಳು ಎನ್ನುತ್ತಾರೆ. ಇಲ್ಲಿಗೆ ಬಂದಾಗಿನಿಂದಲೂ ಪ್ರತಿ ನಲ್ಲಿ ನೀರಿನ ದಿನ ಕೊಡಪಾನ, ಹಂಡೆಗಳ ಜೊತೆ ಗಾಜಿನ ತೊಟ್ಟಿಗೂ ಅದೇ ಮರ್ಯಾದೆ ನಡೆದಿತ್ತು. ನೆಲೆಯೂರಲು ಬಂದ ನನ್ನ ಸೂಕ್ಷ್ಮಜೀವಿಗಳೆಲ್ಲ ಮಲ್ಲಿಗೆ ಕುಂಡಕ್ಕೆ ಹೋಗುತ್ತಿದ್ದವು. ಖಾಲಿ ನೀರಿಗೆ ಆಹಾರ ಹಾಕುವುದನ್ನು ಕಂಡು ಯಾಕೆ ಕೇಳಲಿಲ್ಲ ಎಂದೆ. ಹೋದವರಿಗೆ ಎಡೆ ಇಡುವ ಹಾಗೆ ಅದೂ ಏನೋ ಇರಬೇಕು, ಅದು ನನ್ನ ಮತ್ತು ನನ್ನ ಮೊದಲ ಹೆಂಡತಿಯ ನಡುವಿನದು, ತಾನು ಕೇಳಬಾರದು ಎಂದುಕೊಂಡಿದ್ದಳಂತೆ. ಅದಕ್ಕೇ ಇನ್ನಷ್ಟು ಶ್ರದ್ಧೆಯಿಂದ ತೊಳೆಯುತ್ತಿದ್ದಳಂತೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾದ ಜಾಗದಲ್ಲಿ ನನಗೆ ಬೇರೇನೋ ಆಗುತ್ತಿತ್ತು.

ಇನ್ನೊಂದು ಗೊಂದಲ ಉಳಿದಿತ್ತು. ಪಳಗದ ನೀರಿನಲ್ಲಿ ಮೀನು ಈಗಾಗಲೇ ಇರುವುದರಿಂದ ದಿನಾ ಸ್ವಲ್ಪ ನೀರು ತೆಗೆದು, ನಿಂತ ನೀರು ಹಾಕುತ್ತಿರಿ, ಸ್ಪಂಜು ಮಾತ್ರ ತೊಳೆಯಬೇಡಿ ಎಂದ ಅಂಗಡಿಯವನು. ಮಾಡಿದ್ದಕ್ಕೆ ಬೈಸಿಕೊಂಡವಳಿಗೆ ಈಗ ಅದನ್ನೇ ಮಾಡು ಎಂದು ಹೇಳುವ ಪಾಡು ನನ್ನದಾಯಿತು. ಹೇಳಿದೆ. ಈ ಸಲ ಬಾಣ ಹಾಕಿ ಚಿತ್ರ ಬರೆದೇ ಹೇಳಿದೆ. ಅವಳು ಕೇಳಿಸಿಕೊಂಡಳು. ಆದರೆ ದಿನಾ ಬೆಳಿಗ್ಗೆ ಚೊಂಬು ಹಿಡಿದು ತೊಟ್ಟಿಯ ಮುಂದೆ ನಿಂತು "ಮುಟ್ಲೇನ್ರಿ?" ಎಂದು ಕೇಳಿಯೇ ಕೈ ಅದ್ದುತ್ತಿದ್ದಳು. ಅದರಲ್ಲಿ ಕೊಂಕು ಇದ್ದಿದ್ದರೆ ಸಹಿಸುತ್ತಿದ್ದೆ. ಕೊಂಕು ಇರಲಿಲ್ಲ. ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಆಗ ಖಾತ್ರಿಯಾಗಿತ್ತು.

ನೀರು ಕೊನೆಗೂ ಪಳಗಿತು. ಯಾವಾಗ ಎಂದು ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಗಾಜಿನ ಮೇಲೆ ತೆಳ್ಳಗೆ ಪಾಚಿ ಬಂತು, ಹಳದಿ ಬಣ್ಣ ನಿಂತಿತು, ಉಳಿದ ಮೀನು ಮೇಲೆ ಬರುವುದು ಬಿಟ್ಟು ಜಲ್ಲಿ ಕೆದಕತೊಡಗಿತು.

ಒಂದು ಭಾನುವಾರ ಅವಳು ತರಕಾರಿಗೆ ಹೋಗಿದ್ದಳು. ಚಹಾ ಮಾಡಿಕೊಳ್ಳೋಣವೆಂದು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಅವಲಕ್ಕಿ ಸಿಕ್ಕಿತು. ಪಕ್ಕದ್ದರಲ್ಲಿ ಕಡಲೆಬೇಳೆ. ನನ್ನ ಮೊದಲ ಹೆಂಡತಿ ಜೋಡಿಸಿಟ್ಟ ಡಬ್ಬಿಗಳು, ಅವಳು ಹೋದ ಮೇಲೂ ನಾನು ಒಂದನ್ನೂ ಕದಲಿಸಿರಲಿಲ್ಲ. ಈಗ ಅವುಗಳಲ್ಲಿ ಒಂದೂ ಅದರ ಜಾಗದಲ್ಲಿರಲಿಲ್ಲ. ಇವಳು ಯಾವಾಗ ಬದಲಾಯಿಸಿದಳೋ. ನನ್ನನ್ನು ಕೇಳಿರಲಿಲ್ಲ. ಹೋದವಳು ಇನ್ನೊಮ್ಮೆ ಹೋದಳು ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಯಾಕೋ ಖುಷಿಯೂ ಆಗುತ್ತಿತ್ತು. ಎರಡರಲ್ಲಿ ಯಾವುದು ಸರಿ ಎಂದು ತಿಳಿಯದೆ, ನನ್ನದೇ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಾ ನಿಂತಿದ್ದೆ.

ಅವಳು ಚೀಲ ಇಳಿಸಿ ಒಳಗೆ ಬಂದಳು. ಏನು ಹುಡುಕುತ್ತೀರಿ ಎಂದಳು. ಸಕ್ಕರೆ ಎಂದೆ.

"ಸರೀರಿ ಆಕಡೆ, ನಿಮಗೆ ಸಿಗಾಕಿಲ್ಲ" ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.